ಗೆಣಸಿನ ತಲೆ

ಮೊಮ್ಮಗಳು ತಂದಿಟ್ಟ ಕಾಡುಗೆಣಸಿನ ನೆತ್ತಿಯನ್ನು ಅಜ್ಜಿ ಹೆಬ್ಬೆರಳಿನಿಂದ ಸವರಿದಳು. ಬಳ್ಳಿಯ ಬುಡ ಸಮೇತ ಇಡೀ ಗೆಡ್ಡೆ ಕಿತ್ತು ಬಂದಿತ್ತು.

“ತಲೆಭಾಗ ಕೊಯ್ದು ಮಣ್ಣಲ್ಲೇ ಬಿಡಬೇಕು ಕಣೇ. ಇಲ್ಲದಿದ್ರೆ ಮುಂದಿನ ವರ್ಷ ಏನು ಚಿಗುರುತ್ತೆ?”

“ನಾವೆಲ್ಲ ಪುಸ್ತಕದಲ್ಲಿರೋ ಹಾಗೇ ಅಗೆದ್ವಿ ಅಜ್ಜಿ. ಗುಡ್ಡದಲ್ಲಿ ಒಂದನ್ನೂ ಬಿಟ್ಟಿಲ್ಲ.”

ಹುಡುಗಿ ಶಾಲೆಯ ಹೊಸ ಚಿತ್ರಪಾಠ ತೆರೆದಳು. ಮೇಷ್ಟ್ರು ನಾಲ್ಕು ದಿನ ಅಜ್ಜಿಯ ಬೆನ್ನುಬಿದ್ದು, ಬಾಯಿಬಿಡಿಸಿ ಬರೆದುಕೊಂಡ ಪಾಠ ಅದು. ತಲೆ ಮಣ್ಣಿಗೆ ಎಂದು ಅಜ್ಜಿ ಹತ್ತು ಸಲ ಹೇಳಿದ್ದಳು; ತಲೆ ಕೊಯ್ದ ಮೊಂಡು ಗೆಡ್ಡೆ ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಮೇಷ್ಟ್ರು ನಕ್ಕಿದ್ದರು. ಈಗ ಪುಟದ ತುಂಬ ಅಜ್ಜಿಯೇ ಇಡೀ ಗೆಡ್ಡೆಯನ್ನು ಎತ್ತಿ ಹಿಡಿದು ನಗುತ್ತಿದ್ದಳು.

“ಯಾವನೋ ತಿಳಿಗೇಡಿ ಬರೆದದ್ದು,” ಎಂದಳು ಅಜ್ಜಿ.

ಮೊಮ್ಮಗಳು ಚಿತ್ರದ ಕೆಳಗೆ ಬೆರಳಿಟ್ಟಳು.

“ನೀನೇ ಹೇಳಿಕೊಟ್ಟಿದ್ದು ಅಂತ ಅಚ್ಚಾಗಿದೆಯಲ್ಲ.”