ಅಂಚೆಯಮ್ಮ

“ನಿನ್ನ ಮಗನಿಗೆ ಹೇಳು. ಆ ಕತ್ತೆ ನಾಳೆಯಾದ್ರೂ ಗಾಡಿ ಒರೆಸಲಿ,” ಎಂದರು ಯಜಮಾನರು.

ಮಗ ಅದೇ ಮೇಜಿನ ಆ ಕಡೆ ಕೂತು ಉಣ್ಣುತ್ತಿದ್ದ. ಇಬ್ಬರ ನಡುವೆ ಇದ್ದದ್ದು ಒಂದು ನೀರಿನ ಜಗ್ಗು ಮತ್ತು ತಾಯಿ.

ತಾಯಿ ಮಗನ ಕಡೆ ತಿರುಗಿದಳು. “ಪುರುಸೊತ್ತಾದ್ರೆ ಗಾಡಿ ಒಂಚೂರು ಒರೆಸ್ತೀಯಾ ಅಂತ ಕೇಳ್ತಿದಾರೆ ಕಣೋ.”

“ಅವರ ಕೈಗೇನಾಗಿದೆಯಂತೆ?” ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ.

ತಾಯಿ ಈ ಕಡೆ ತಿರುಗಿದಳು. “ಆಗ್ಲಿ ಅಂದ ರೀ.”

ಹೀಗೆ ಒಂಬತ್ತು ವರ್ಷ. ಅಂಗಡಿಯಲ್ಲಿ ಆಳೆತ್ತರದ ಕನ್ನಡಿಯೊಂದು ಮಗನ ಕೈ ಜಾರಿ ಒಡೆದದ್ದು, ಗಿರಾಕಿಗಳ ಎದುರೇ ಅಪ್ಪ ಮೀಸೆ ಬಂದ ಮಗನ ಕೆನ್ನೆಗೆ ಬಾರಿಸಿದ್ದು, ಇನ್ನು ನಿನ್ನ ಹತ್ತಿರ ಮಾತಿಲ್ಲ ಎಂದು ಮಗ ಅಂದದ್ದು, ಬೇಡ ಹೋಗು ಎಂದು ಅಪ್ಪ ಅಂದದ್ದು, ಎಲ್ಲ ಕಾಲು ಗಂಟೆಯಲ್ಲಿ ಮುಗಿದಿತ್ತು. ಮರುದಿನವೂ ಇಬ್ಬರೂ ಅದೇ ಗಾಜಿನಂಗಡಿಗೆ ಹೋದರು, ಒಂದೇ ಗಾಡಿಯಲ್ಲಿ ಬಂದರು. ಆದರೆ ಮನೆಯೊಳಗೆ ಮಾತೆಲ್ಲ ತಾಯಿಯ ಬಾಯಿಂದಲೇ ದಾಟಬೇಕಾಯಿತು. ಕತ್ತೆ ಎಂದದ್ದು ಮಗನ ಕಿವಿಗೆ ಬಿದ್ದೇ ಇರುತ್ತಿತ್ತು. ಆದರೂ ಅವಳು ಹೇಳಿದ್ದೇ ಮಾತು, ಉಳಿದದ್ದು ಬರೀ ಸದ್ದು.

ನೆರೆಮನೆಯವರು ಅವಳಿಗೆ ಅಂಚೆಯಮ್ಮ ಎಂದು ಹೆಸರಿಟ್ಟರು. ಅಂಚೆಯವರು ಕಾಗದ ಒಡೆದು ನೋಡುವಂತಿಲ್ಲ. ಇವಳು ಒಡೆದು, ಒಳಗಿನ ಕಲ್ಲು ಆರಿಸಿ ತೆಗೆದು, ಮತ್ತೆ ಅಂಟಿಸಿ ಕೊಡುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಗಾಡಿ ಫಳಫಳ ಹೊಳೆಯುತ್ತಿರುತ್ತಿತ್ತು. ಎಲ್ಲ ತನ್ನ ನಾಲಿಗೆಯ ಗುಣ ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಎತ್ತು, ಇಳಿಸು, ನಿಲ್ಲು ಎನ್ನದೆ ಇಬ್ಬರು ಒಂದು ದೊಡ್ಡ ಗಾಜು ಹೊರುವುದು ಹೇಗೆ ಎಂದು ಒಮ್ಮೊಮ್ಮೆ ಅವಳಿಗೆ ಅನ್ನಿಸಿದ್ದುಂಟು. ಒಂಬತ್ತು ವರ್ಷದಲ್ಲಿ ಮತ್ತೊಂದು ಗಾಜು ಒಡೆದಿರಲಿಲ್ಲ. ಕಣ್ಸನ್ನೆ ಇರಬೇಕು ಅಂದುಕೊಂಡಳು. ಹೋದ ತಿಂಗಳು ಯಜಮಾನರು, “ಹಲ್ಲು ಕೀಳಿಸಿದ್ಮೇಲೆ ನೋವು ಹೋಯ್ತಂತಾ ಅವನಿಗೆ?” ಎಂದು ಕೇಳಿದ್ದರು. ಹಲ್ಲಿನ ಸುದ್ದಿ ಅವಳು ದಾಟಿಸಿಯೇ ಇರಲಿಲ್ಲ. ಎಷ್ಟಾದರೂ ಅಪ್ಪ ಅಲ್ಲವೇ, ಊದಿದ ಕೆನ್ನೆ ನೋಡಿ ತಿಳಿದಿರಬೇಕು ಅಂದುಕೊಂಡಳು.

ಒಬ್ಬರ ತಲೆ ನರೆತಿತ್ತು, ಇನ್ನೊಬ್ಬನ ನೆತ್ತಿ ಬೋಳಾಗುತ್ತಿತ್ತು. ಬುದ್ಧಿ ಮಾತ್ರ ಇಬ್ಬರಿಗೂ ಬಲಿಯಲಿಲ್ಲ. ಈ ಮನೆಯಲ್ಲಿ ದೊಡ್ಡವರು ಅಂತ ಇರುವುದು ತಾನೊಬ್ಬಳೇ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು.

ಈಗ ಕಷ್ಟ ಬಂದದ್ದು ಆ ದೊಡ್ಡವಳ ಗಂಟಲಿಗೆ. ಒಳಗೊಂದು ಗಂಟು ಬೆಳೆದಿತ್ತು. ಕೊಯ್ದು ತೆಗೆಯಬೇಕು, ಆಮೇಲೆ ಒಂದು ತಿಂಗಳು ಒಂದಕ್ಷರವೂ ಆಡಕೂಡದು ಎಂದಿದ್ದರು ಡಾಕ್ಟರಮ್ಮ. ಮೂರು ಸಲ ದಿನ ಗೊತ್ತಾಯಿತು. ಮೂರು ಸಲವೂ ಅವಳೇ ಮುಂದಕ್ಕೆ ಹಾಕಿದಳು. ಒಮ್ಮೆ ನೆಗಡಿ ಎಂದಳು, ಒಮ್ಮೆ ತಂಗಿ ಬರುತ್ತಾಳೆ ಎಂದಳು, ಮೂರನೆಯ ಸಲ ಸುಮ್ಮನೆ ಹೋಗಲೇ ಇಲ್ಲ. ತಿಂಗಳಿಡೀ ತಾನು ಬಾಯಿ ಮುಚ್ಚಿದರೆ ಇಬ್ಬರ ನಡುವಿನ ಒಂದೇ ಒಂದು ಎಳೆಯೂ ಹರಿದು, ಮಗ ಗಂಟುಮೂಟೆ ಕಟ್ಟುತ್ತಾನೆ ಎಂಬ ಹೆದರಿಕೆ. ಇದನ್ನು ಯಾರ ಹತ್ತಿರ ಹೇಳುವುದು?

ಊಟದ ಮೇಜಿನಲ್ಲಿ ಗಾಡಿಯ ಮಾತಾದ ಮರುದಿನ ಡಾಕ್ಟರಮ್ಮ ಗದರಿದರು. “ನಾಡಿದ್ದು ಬರ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇರೋಲ್ಲಮ್ಮ. ಉಸಿರಿಗೇ ಕುತ್ತು ಬರುತ್ತೆ. ಮನೇಲಿ ಅಂಥಾದ್ದೇನಿದೆ?”

“ಎರಡು ಮಕ್ಕಳಿವೆ.”

“ಎಷ್ಟು ವಯಸ್ಸು?”

“ಒಂದಕ್ಕೆ ಮೂವತ್ತಮೂರು. ಇನ್ನೊಂದಕ್ಕೆ ಅರವತ್ತೆರಡು.”

ಡಾಕ್ಟರಮ್ಮ ನಗಲಿಲ್ಲ. ಅದನ್ನು ನೋಡಿಯೇ ಅವಳಿಗೆ ನಿಜವಾಗಿ ಭಯವಾಯಿತು.

ಆಸ್ಪತ್ರೆಯಿಂದ ನೇರ ಅಂಗಡಿಗೆ ಹೊರಟಳು. ಎರಡು ಬಸ್ಸು ಬದಲಿಸಬೇಕು. ಜಗಳವಾದ ಮೇಲೆ ಅವಳು ಆ ಕಡೆ ಹೋಗಿಯೇ ಇರಲಿಲ್ಲ. ಅಲ್ಲಿ ನೆಲದ ತುಂಬ ಗಾಜಿನ ಚೂರು, ಚಪ್ಪಲಿ ತೂರಿ ಚುಚ್ಚುತ್ತೆ, ಬರಬೇಡ ಎಂದು ಅಪ್ಪನೂ ಹೇಳಿದ್ದರು, ಮಗನೂ ಹೇಳಿದ್ದ. ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೊಂದೇ ವಿಷಯದಲ್ಲಿ. ಇವತ್ತು ಚುಚ್ಚಿದರೆ ಚುಚ್ಚಲಿ. ಇಬ್ಬರ ಕೈಯನ್ನೂ ಹಿಡಿದುಕೊಂಡು, ಬೇಕಾದರೆ ಕಾಲಿಗೂ ಬಿದ್ದು, ನಾಡಿದ್ದರೊಳಗೆ ರಾಜಿ ಮಾಡಿಸಿಯೇ ತೀರಬೇಕು. ಬಸ್ಸಿನಲ್ಲಿ ಕೂತು ಮಾತು ಜೋಡಿಸಿದಳು. ಒಂದೂ ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತು. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗಿನಿಂದ ನಗು ಕೇಳಿಸಿತು. ಯಾರೋ ಗಿರಾಕಿ ಇರಬೇಕು ಎಂದು ಬಗ್ಗಿ ನೋಡಿದಳು. ಗೋಡೆ ತುಂಬ ಕನ್ನಡಿ ಒರಗಿಸಿದ್ದರು. ಎಲ್ಲ ಕನ್ನಡಿಯಲ್ಲೂ ಅವರಿಬ್ಬರೇ. ಅವಳು ಬೇರೆ ಬೇರೆ ಕಟ್ಟಿಕೊಟ್ಟ ಎರಡು ಡಬ್ಬಿಯ ಊಟವನ್ನೂ ಒಂದೇ ತಟ್ಟೆಗೆ ಸುರಿದುಕೊಂಡಿದ್ದರು.

“ಸಾಕಪ್ಪಾ ಈ ನಾಟಕ,” ಎನ್ನುತ್ತಿದ್ದ ಮಗ. “ಅಮ್ಮಂಗೆ ಇವತ್ತೇ ಹೇಳಿಬಿಡೋಣ.”

“ಏನಂತ ಹೇಳ್ತೀಯೋ? ಎರಡೇ ವಾರಕ್ಕೆ ಸರಿಹೋಗಿದ್ವಿ, ಒಂಬತ್ತು ವರ್ಷ ನಿನ್ನ ಸುಮ್ನೆ ಓಡಾಡಿಸಿದ್ವಿ ಅಂತಾನಾ?”

“ನೀನೇ ತಾನೆ ಹೇಳೋದು ಬೇಡ ಅಂದಿದ್ದು.”

“ಅಂದೆ. ಮೊದಲು ಹೇಗಿದ್ಲು, ಮರ್ತ್ಯಾ? ನಾವಿಬ್ರೂ ಉಂಡು, ಕೈ ತೊಳ್ಕೊಂಡು ಎದ್ದು ಹೋಗ್ತಿದ್ವಿ. ವಾರಕ್ಕೊಂದು ಮಾತಿಲ್ಲ ಅವಳ ಹತ್ರ. ಪಾತ್ರೆಗಳ ಜೊತೆ ಮಾತಾಡ್ಕೊಂಡಿರೋಳು. ನಾವು ಜಗಳ ಆಡಿದ್ಮೇಲೆ ಅಲ್ವೇನೋ ಅವಳ ಮುಖಕ್ಕೆ ಕಳೆ ಬಂದಿದ್ದು.”

ಅವಳು ಅರ್ಧ ಎಳೆದ ಬಾಗಿಲಿನ ಮರೆಗೆ ಸರಿದು ನಿಂತಳು.

“ಅದಿರ್ಲಿ, ಆಪರೇಷನ್ ಮೂರು ಸಲ ತಪ್ಪಿಸಿದಾಳಲ್ಲ,” ಎಂದ ಮಗ. “ಕತ್ತರಿ ಅಂದ್ರೆ ಅಷ್ಟು ಭಯಾನ ಅವಳಿಗೆ?”

“ಭಯ ಇದ್ದದ್ದೇ. ಅದಕ್ಕೇ ಹೇಳ್ತಿರೋದು, ಈಗಂತೂ ರಾಜಿ ಬೇಡ,” ಎಂದರು ಯಜಮಾನರು. “ಮನೇಲಿ ನಮ್ಮ ಜಗಳ ಬಾಕಿ ಇದೆ ಅಂತಾದ್ರೂ ಅವಳು ಆಪರೇಷನ್ ಟೇಬಲ್ಲಿಂದ ಎದ್ದು ಬರ್ತಾಳೆ.”