ದೊಡ್ಡಪ್ಪನ ಸ್ಕೂಟರಿನ ಕೆಳಗಿನ ರಂಗೋಲಿ

ನೀರು ಚಿಮುಕಿಸಿದ ಸಿಮೆಂಟಿನ ಮೇಲೆ ರಂಗೋಲಿ ಪುಡಿ ಬಿದ್ದಾಗ ಏಳುವ ವಾಸನೆಗೆ ಇವತ್ತಿಗೂ ನಾನು ಹಲ್ಲು ಕಚ್ಚುತ್ತೇನೆ.

ಆ ಬೇಸಿಗೆ ರಜೆಯಲ್ಲಿ ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಂಗಳದಲ್ಲಿ ಅಜ್ಜಿ ನನಗೆ ರಂಗೋಲಿ ಎಳೆ ಬಿಡುವುದನ್ನು ಕಲಿಸುತ್ತಿದ್ದರು. ಪುಡಿ ಬೆರಳ ಸಂದಿಯಿಂದ ಒಂದೇ ಸಮ ಇಳಿಯಬೇಕು. ನನ್ನದು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಊಟದ ಹೊತ್ತಿಗೆ ದೊಡ್ಡಪ್ಪ ಅಂಗಡಿಯಿಂದ ಬಂದು ದಿನವೂ ಅದರ ಮೇಲೇ ಸ್ಕೂಟರ್ ಹತ್ತಿಸಿ ನಿಲ್ಲಿಸುತ್ತಿದ್ದರು.

"ಇರ್ಲಿ ಬಿಡು ಪುಟ್ಟಿ. ನಾಳೆ ಇನ್ನೂ ಸ್ವಲ್ಪ ಚೆನ್ನಾಗಿ ಹಾಕು, ಕೈ ಪಳಗುತ್ತೆ," ಎನ್ನುತ್ತಿದ್ದರು ಅಜ್ಜಿ. ದೊಡ್ಡಪ್ಪನಿಗೆ ಮಾತ್ರ ಯಾರೂ ಏನೂ ಹೇಳುತ್ತಿರಲಿಲ್ಲ.

ರಜೆ ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ, ಬಾಗಿಲಿನಿಂದ ಗೇಟಿನವರೆಗೂ ಎಳೆ ನೆಟ್ಟಗೆ ಬಂತು.

"ಕೈ ಒಂಚೂರೂ ನಡುಗ್ಲಿಲ್ವಲ್ಲೇ!" ಅಜ್ಜಿ ಬೆರಗಾದರು.

ಸಿಟ್ಟಿನಲ್ಲಿ ಎಳೆದಿದ್ದೆ. ಹೊರಗೆ ಹಾರ್ನ್ ಕೇಳಿದ್ದೇ ಎದ್ದು ಗೇಟಿಗೆ ಚಿಲಕ ಹಾಕಿದೆ.

"ತೆಗಿಯೇ, ಬಿಸಿಲು!" ದೊಡ್ಡಪ್ಪ ಗದರಿದರು.

"ಗಾಡಿ ಆಚೆನೇ ನಿಲ್ಸಿ ದೊಡ್ಡಪ್ಪ."

"ಅಮ್ಮ, ಇವಳಿಗೆ ಸ್ವಲ್ಪ ಬುದ್ಧಿ ಹೇಳು!"

ಅಜ್ಜಿ ಮಗನ ಕಡೆ ತಿರುಗಲೇ ಇಲ್ಲ. ಪುಡಿಯ ಡಬ್ಬಿಯನ್ನು ನನ್ನತ್ತ ತಳ್ಳಿದರು.

"ಗೇಟಿನ ಹತ್ರ ಇನ್ನೊಂದು ಎಳೆ ಹಾಕು ಪುಟ್ಟಿ. ನಿಧಾನಕ್ಕೆ ಹಾಕು."