ರೆಕಾರ್ಡಿನ ಮೈಮೇಲಿನ ನಂಬರು

ಶಾಂತಾಬಾಯಿಯ ಕೊರಳಿಗೆ ಹಾರ ಬೀಳುವ ಹೊತ್ತಿಗೆ ಸರಿಯಾಗಿ ಲಗಮವ್ವ ವೇದಿಕೆ ಹತ್ತಿದಳು. ಸೆರಗಿನಡಿಯಿಂದ ತನ್ನ ಹಳೆಯ ಗ್ರಾಮಫೋನ್ ರೆಕಾರ್ಡು ತೆಗೆದು ಮೈಕಿನ ಭರಮಪ್ಪನ ಕೈಗಿಟ್ಟಳು. ಬೈಲಹೊಂಗಲದ ಜನ ಆಗಷ್ಟೇ ಅವನು ಹಾಕಿದ ಇನ್ನೊಂದು ರೆಕಾರ್ಡಿನಲ್ಲಿ ಅದೇ ಹಾಡನ್ನು ಶಾಂತಾಬಾಯಿಯದೆಂದು ಕೇಳಿ ಚಪ್ಪಾಳೆ ತಟ್ಟಿದ್ದರು.

“ಎರಡೂ ರೆಕಾರ್ಡಿನ ನಂಬರ್ ಓದಪಾ. ಚೀಟಿ ಮ್ಯಾಲಿಂದಲ್ಲ, ಪ್ಲೇಟಿನ್ಯಾಗ ಕೊರದದ್ದು.”

ಹಾಡಿನ ಗೆರೆಗಳು ಮುಗಿಯುವ ನುಣುಪು ಜಾಗದಲ್ಲಿ ಕಂಪನಿ ಪ್ರತಿ ಸಲ ಹಾಡಿಸಿ ಮುದ್ರಿಸಿದ್ದಕ್ಕೂ ಬೇರೆಯೇ ಒಂದು ನಂಬರು ಕೊರೆದಿರುತ್ತದೆ. ನಡುವಿನ ಚೀಟಿ ಬದಲಾದರೂ ಅದು ಬದಲಾಗುವುದಿಲ್ಲ. ಭರಮಪ್ಪ ಎರಡನ್ನೂ ಬೆಳಕಿಗೆ ಹಿಡಿದ. “ಎರಡಕ್ಕೂ ಒಂದ ನಂಬರ್ ಐತಿ. ಹೆಸರಷ್ಟ ಬ್ಯಾರೆ.”

ಹಾಡು ಊರೂರಲ್ಲಿ ಓಡತೊಡಗಿದ ಮೇಲೆ ಚೀಟಿಯಿಂದ ಲಗಮವ್ವನ ಹೆಸರು ತೆಗೆಸಿ, ತನ್ನ ಹೆಂಡತಿ ಶಾಂತಾಬಾಯಿಯ ಹೆಸರು ಹಾಕಿಸಿದವನು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ನೀಲಕಂಠ. “ಕೇರಿಯವರ ಹೆಸರು ನೋಡಿ ಯಾರು ತಗೋತಾರ?” ಎಂದು ಆಗ ನಕ್ಕಿದ್ದ. ಈಗ ಹತ್ತಿರ ಬಂದು ಪಿಸುಗುಟ್ಟಿದ: “ಕೆಳಗ ಇಳಿ. ಆಮ್ಯಾಲ ಮಾತಾಡೂಣು.”

ಲಗಮವ್ವ ಮೈಕನ್ನು ಅವನ ಬಾಯಿಯ ಮುಂದೆ ಎಳೆದಳು. “ಇಲ್ಲೇ ಮಾತಾಡ್ರಿ ಮಾಸ್ತರ. ಯಾರು ಹಾಡ್ಯಾರ?”

ಸಭೆ ಕಾಯುತ್ತಿತ್ತು. ಶಾಂತಾಬಾಯಿ ತಾನೇ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡಳು. ನೀಲಕಂಠ ನೆಲ ನೋಡುತ್ತ, “ಲಗಮವ್ವ,” ಅಂದ. ಬೇವಿನ ಗಿಡಕ್ಕೆ ಕಟ್ಟಿದ ಹಾರ್ನಿನಿಂದ ಆ ಹೆಸರು ಪೇಟೆಯ ತುದಿಯವರೆಗೂ ಹೋಯಿತು.

“ಕೇಳಸಲಿಲ್ಲರಿ ಮಾಸ್ತರ,” ಅಂದಳು ಲಗಮವ್ವ. “ಇನ್ನೊಮ್ಮೆ ಹೇಳ್ರಿ.”